ಆಯಿಯ ಸುಣ್ಣದ ಡಬ್ಬಿ

ಹೋದ ವರ್ಷ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೊರಟಾಗ ಮಗಳು ಬಸ್ಸಿನಲ್ಲೇ ಹಟ ಹಿಡಿದಳು: ಅಜ್ಜನ ಮನೆಯಲ್ಲಿ ಟಾಕೋ ಬೇಕು. ನಾನು ಬಿಇ ಮುಗಿಸಿದ ವರ್ಷವೇ, ಅಂದರೆ 2010ರಲ್ಲಿ, ಟಾಕೋ ಬೆಲ್‌ನವರು ಭಾರತದ ತಮ್ಮ ಮೊದಲ ಅಂಗಡಿಯನ್ನು ಬೆಂಗಳೂರಿನ ಮಾಲ್ ಒಂದರಲ್ಲಿ ತೆರೆದಿದ್ದರು. ಆಗ ಹೊರಗಿನಿಂದಲೇ ರೇಟು ನೋಡಿ ವಾಪಸ್ ಬಂದಿದ್ದೆ. ಈಗ ಮಗಳಿಗೆ ಅದು ಶನಿವಾರದ ಊಟ. ಏನು ಮಾಡೋದು!

ತೆಲಸಂಗ ಅಥಣಿ ತಾಲೂಕಿನ ಮೂಡಲ ಅಂಚಿನ ಊರು, ಬಿಜಾಪುರದ ಕಡೆಗೆ. ಅಲ್ಲಿ ಟಾಕೋ ಎಲ್ಲಿಂದ ಬರಬೇಕು? ನಾನೇ ಮಾಡ್ತೀನಿ ಅಂತ ಒಪ್ಪಿಕೊಂಡೆ. ಮನೆಯಲ್ಲಿ ಏನೇನಿದೆ ಅಂತ ನೋಡುತ್ತಾ ಹೋದಂತೆ ನನಗೇ ನಗು ಬಂತು. ಮೂಲೆಯಲ್ಲಿ ಹೊಸ ಗೋವಿನಜೋಳದ ಚೀಲ. ಬುಟ್ಟಿಯಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ. ಡಬ್ಬಿಯಲ್ಲಿ ಶೇಂಗಾ ಹಿಂಡಿ. ಇವೆಲ್ಲಾ ಅಮೆರಿಕ ಖಂಡದವೇ. 1492ಕ್ಕೆ ಮುಂಚೆ ನಮ್ಮ ಕಡೆಯ ಯಾವ ತಾಯಿಯೂ ಇವನ್ನು ಕಂಡಿರಲಿಲ್ಲ. ಟೊಮೆಟೊ ಅನ್ನೋ ಮಾತು ಕೂಡ ಮೆಕ್ಸಿಕೋದ ನಾವಾಟ್ಲ್ ಭಾಷೆಯ 'ಟೊಮಾಟ್ಲ್'ನಿಂದ ಬಂದದ್ದು. ಮೆಣಸಿನಕಾಯಿಗಂತೂ ನಾವು ಸ್ವಂತ ಹೆಸರು ಹುಡುಕುವ ಗೋಜಿಗೇ ಹೋಗಲಿಲ್ಲ. ಖಾರಕ್ಕೆ ಮೊದಲಿಂದ ಇದ್ದದ್ದು ಮೆಣಸು, ಇದು ಅದರಂತೆ ಖಾರದ ಕಾಯಿ, ಅಷ್ಟೇ. ಆಮೇಲೆ ಪಾಪ, ಮೂಲದ ಮೆಣಸೇ 'ಕರಿಮೆಣಸು' ಆಗಬೇಕಾಯಿತು.

ಇವು ಬಂದ ದಾರಿ ನಮಗೆ ದೂರದ್ದಲ್ಲ. ನಮ್ಮ ಪಕ್ಕದ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದ ಗೋವೆಯನ್ನು 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಕಸಿದುಕೊಂಡ. ಅವರ ಹಡಗುಗಳಲ್ಲಿ ಬಂದ ಬೀಜಗಳು ಘಟ್ಟ ಹತ್ತಿ ನಮ್ಮ ಹೊಲ ಸೇರಿದವು. ಬಂದೂಕಿಗೆ ಸೋತ ನಾಡು ಮೆಣಸಿನಕಾಯಿಯನ್ನು ಎಷ್ಟು ತನ್ನದು ಮಾಡಿಕೊಂಡಿತು ಅಂದರೆ, 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಗುರುತಿನ ಪಟ್ಟವೇ ಸಿಕ್ಕಿತು.

ಬೀಜ ಬಂತು, ಆದರೆ ಅಡುಗೆಯ ವಿದ್ಯೆ ಹಡಗು ಹತ್ತಲಿಲ್ಲ. ನನಗೆ ಮುಖ್ಯ ಅನ್ನಿಸೋದು ಇದೇ. ಮೆಕ್ಸಿಕೋದ ಹೆಣ್ಣುಮಕ್ಕಳು ಗೋವಿನಜೋಳವನ್ನು ಹಾಗೇ ಬೀಸುವುದಿಲ್ಲ. ಸುಣ್ಣದ ನೀರಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತಿಕ್ಕಿ ತೊಳೆದು, ಕಲ್ಲಿನ ಮೇಲೆ ಅರೆಯುತ್ತಾರೆ. ಮೂರು ಸಾವಿರ ವರ್ಷಕ್ಕೂ ಹಳೆಯ ಪದ್ಧತಿ ಇದು. ಕಾಳಿನಲ್ಲಿ ಬಿಗಿಯಾಗಿ ಕೂತಿರುವ ನಿಯಾಸಿನ್ ಎಂಬ ಜೀವಸತ್ವ ಸುಣ್ಣ ಹಾಕಿದರೇನೇ ಮೈಗೆ ಹತ್ತುತ್ತದೆ. ಯುರೋಪಿನವರು ಕಾಳು ಒಯ್ದರು, ಸುಣ್ಣ ಬಿಟ್ಟರು. ಅದನ್ನೇ ತಿಂದು ಬದುಕಿದ ಸ್ಪೇನ್, ಇಟಲಿಯ ಬಡವರಿಗೆ ಚರ್ಮ ಸುಲಿಯುವ, ತಲೆ ಕೆಡುವ ಪೆಲಾಗ್ರಾ ರೋಗ ಬಂತು. 1735ರಲ್ಲಿ ಗಾಸ್ಪರ್ ಕಸಾಲ್ ಎಂಬ ಸ್ಪೇನಿನ ವೈದ್ಯ ಅದನ್ನು ಮೊದಲು ಬರೆದಿಟ್ಟ. (ನಮ್ಮ ಜೋಳವೂ ಪೂರ್ತಿ ಸಾಚಾ ಅಲ್ಲ. ಬರೀ ಜೋಳ ತಿನ್ನುವವರಲ್ಲೂ ಪೆಲಾಗ್ರಾ ಇದೆ ಅಂತ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತವರ ಜೊತೆಗಾರರು 1960ರಲ್ಲಿ ತೋರಿಸಿಕೊಟ್ಟರು. ಜೊತೆಗೆ ಬೇಳೆ, ಕಾಳು, ಮಜ್ಜಿಗೆ ಇರಬೇಕು.)

ಸುಣ್ಣ ಎಲ್ಲಿದೆ? ಆಯಿಯ ಎಲೆ-ಅಡಿಕೆ ಚೀಲದಲ್ಲಿ! ಒಂದು ಕಿಲೋ ಕಾಳಿಗೆ ಎರಡು ಚಮಚ ತಿನ್ನುವ ಸುಣ್ಣ ಕದಡಿ ಮುಕ್ಕಾಲು ತಾಸು ಕುದಿಸಿ, ಮುಚ್ಚಿಟ್ಟೆ. ಮುಂಜಾನೆ ನೋಡಿದರೆ ಹಳದಿ ಇನ್ನೂ ಗಾಢವಾಗಿತ್ತು, ಸಿಪ್ಪೆ ಬೆರಳಿಗೇ ಬರುತ್ತಿತ್ತು. ನಾಲ್ಕೈದು ನೀರಲ್ಲಿ ತೊಳೆದು ಗ್ರೈಂಡರಿಗೆ ಹಾಕಿದೆ. ಬರೀ ಗೋವಿನಜೋಳದ ಹಿಟ್ಟಿನ ರೊಟ್ಟಿ ಮಡಚಿದರೆ ಮುರೀತದೆ. ಇದು ಕಣಕದಂತೆ ಕೂಡಿಕೊಂಡಿತು. ಅವ್ವ ಅಂಗೈ ಅಗಲದ ರೊಟ್ಟಿ ತಟ್ಟಿದಳು. ಒಳಗೆ ಮಡಕಿಕಾಳಿನ ಪಲ್ಯ, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಮೇಲೆ ಗಟ್ಟಿ ಮೊಸರು, ಶೇಂಗಾ ಹಿಂಡಿ. ಚೀಸ್ ಇಲ್ಲ, ಯಾರೂ ಕೇಳಲೂ ಇಲ್ಲ. ಲೆಕ್ಕ ಹಾಕಿದರೆ ಏಳು ಜನಕ್ಕೆ ನೂರಾ ಇಪ್ಪತ್ತು ರೂಪಾಯಿ ದಾಟಲಿಲ್ಲ. ಆ ವರ್ಷ, 2024-25ಕ್ಕೆ, ಸರಕಾರದ ಬೆಂಬಲ ಬೆಲೆ ಕ್ವಿಂಟಲ್ ಗೋವಿನಜೋಳಕ್ಕೆ 2225 ರೂಪಾಯಿ, ಮಾಲದಂಡಿ ಜೋಳಕ್ಕೆ 3421. ಯಾವ ಕಾಳಿಗೆ ಎಷ್ಟು ಮರ್ಯಾದೆ ಅಂತ ಅದೇ ಹೇಳ್ತದೆ.

ಅಪ್ಪ ತಾಟು ನೋಡಿದರು. "ಗೋಂಜ್ವಾಳದ್ದೇನು? ನನಗ ಬ್ಯಾಡ."

ರುಚಿ ನೋಡ್ರಿ ಅಂದೆ. ಮಾತಾಡಲಿಲ್ಲ. ಆಮೇಲೆ ಆಯಿ ಹೇಳಿದಳು. 1972ರ ಬರದಾಗ ಅಪ್ಪನಿಗೆ ಹನ್ನೊಂದು ವರ್ಷ. ಆಯಿ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋಗುತ್ತಿದ್ದಳು. ರೇಷನ್ನಿಗೆ ಅಮೆರಿಕದ ಕೆಂಪು ಮಿಲೋ ಜೋಳ ಬರುತ್ತಿತ್ತು, ಅದೂ ಎಲ್ಲಾ ವಾರ ಅಲ್ಲ. ಮೇವಿಲ್ಲದೆ ಜೋಡೆತ್ತು ಮಾರಿದರು. ಎತ್ತಿಗಂತ ಇಟ್ಟಿದ್ದ ಗೋವಿನಜೋಳ ಉಳಿದಿತ್ತು. "ಎತ್ತು ಹ್ವಾದ ಮ್ಯಾಲ ಅವುಗೋಳ ಪಾಲಿನ ಕಾಳ ನಾವ್ ಬೀಸಿ ತಿಂದೇವಿ. ನಿಮ್ಮಪ್ಪ ಅಳಕೋತ ತಿಂದ." ಎರಡು ತಿಂಗಳು ಅದೇ ಊಟವಂತೆ. ನಾನು ಮೂವತ್ತು ವರ್ಷ ದಾಟಿದ ಮೇಲೆ ಈ ಕಥೆ ಕೇಳಿದ್ದು. ಗೋವಿನಜೋಳ ದನದ ಆಹಾರ ಅಂತ ಅಪ್ಪ ಅಂದಾಗೆಲ್ಲಾ ಅದು ಹಳ್ಳಿಯ ಹಮ್ಮು ಅಂದುಕೊಂಡಿದ್ದೆ.

ಆಯಿ ಮಾತ್ರ ಮೂರು ತಿಂದಳು. ಸುಣ್ಣ ಹಾಕಿದರೆ ಏನಾಗ್ತದೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಸುಣ್ಣ ಅವತ್ತೂ ನನ್ನ ಚೀಲದಾಗ ಇತ್ತಲ್ಲೊ."

ಮಗಳು ನಾಲ್ಕನೆಯದಕ್ಕೆ ಕೈ ಹಾಕಿದ್ದಳು. ಅಪ್ಪ ಬುಟ್ಟಿಯಿಂದ ಬಿಸಿ ಜೋಳದ ರೊಟ್ಟಿ ತಗೊಂಡು, ಅದೇ ಪಲ್ಯ, ಅದೇ ಉಳ್ಳಾಗಡ್ಡಿ ಹಾಕಿ, ಮೊಮ್ಮಗಳು ಮಡಚಿದಂತೆ ಮಡಚಿ ತಿಂದರು. ಮರುದಿನ ನಾನು ಪೇಟೆಗೆ ಹೊರಟಾಗ ಆಯಿ ಖಾಲಿ ಡಬ್ಬಿ ಕೈಗಿಟ್ಟು, ತುಂಬಿಸಿಕೊಂಡು ಬಾ ಅಂದಳು.