ಬಿರುಕು ಬಿಟ್ಟ ಕಪ್, ಊರು ಬಿಟ್ಟ ಕುಂಬಾರರು

ಝೂಮ್ ಮಾಡಿ ನೋಡಿ. ಕಪ್ ತುಂಬಾ ಬಿರುಕು, ಅಲ್ವಾ? ಒಡೆದಿದೆ ಅನ್ಕೋಬೇಡಿ. ಬೇಕಂತಲೇ ಹಾಗೆ ಮಾಡೋದು!

ಜಪಾನಿನ ಫುಕುಶಿಮಾದಲ್ಲಿ ನಾಮಿಯೆ ಅಂತ ಒಂದು ಪಟ್ಟಣ. ಅಲ್ಲಿನ ಓಬೊರಿಯಲ್ಲಿ 1690ರ ಹೊತ್ತಿಗೆ ಶುರುವಾದ ಕಸುಬು ಇದು. ಗಾಜಿನಂಥ ಈ ತಿಳಿಹಸಿರು ಲೇಪಕ್ಕೆ ಸೆಲಡಾನ್ ಅಂತಾರೆ. ಸುಟ್ಟ ಕಪ್ ತಣ್ಣಗಾಗುವಾಗ ಲೇಪ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತೆ, ಸಣ್ಣಗೆ ಸದ್ದು ಮಾಡ್ತಾ ಬಿರುಕು ಬಿಡುತ್ತೆ. ಆ ಗೆರೆಗಳಿಗೆ ಕಪ್ಪು ಶಾಯಿ ತಿಕ್ಕುತ್ತಾರೆ. ಮೇಲೊಂದು ಓಡೋ ಕುದುರೆ. ಕಪ್ಪಿನೊಳಗೆ ಇನ್ನೊಂದು ಕಪ್, ನಡುವೆ ಗಾಳಿ. ಹಾಗಾಗಿ ಟೀ ಬೇಗ ಆರಲ್ಲ, ಕೈಯೂ ಸುಡಲ್ಲ.

2011ರ ಮಾರ್ಚ್ 11. ಭೂಕಂಪ, ಸುನಾಮಿ, ಹಿಂದೆಯೇ ಅಣುಸ್ಥಾವರದ ದುರಂತ. ನಾಮಿಯೆಗೆ ನಾಮಿಯೆಯೇ ಖಾಲಿಯಾಯ್ತು. ಕುಂಬಾರರು ತಮ್ಮ ಆವಿಗೆಗಳನ್ನ ಅಲ್ಲೇ ಬಿಟ್ಟು ಹೊರಟರು. ಲೇಪಕ್ಕೆ ಬೇಕಾದ ಕಲ್ಲು ಸಿಗ್ತಿದ್ದದ್ದೂ ಅದೇ ಊರಲ್ಲಿ. ವಿಕಿರಣದಿಂದಾಗಿ ಅದನ್ನ ತೆಗೆಯೋ ಹಾಗಿರಲಿಲ್ಲ.

ನಾವು ಬಿಕಾಂನವರು 'ಕಚ್ಚಾವಸ್ತುವಿನ ಕೊರತೆ' ಅಂತ ಒಂದು ಸಾಲು ಬರೆದು ಎರಡು ಮಾರ್ಕ್ಸ್ ತಗೋತೀವಿ. ಅಲ್ಲಿ ಮುನ್ನೂರು ವರ್ಷದ ಬಣ್ಣವೇ ನಿಂತುಹೋಗೋದ್ರಲ್ಲಿತ್ತು.

ಕೊನೆಗೆ ಫುಕುಶಿಮಾದ ಸರ್ಕಾರಿ ಸಂಶೋಧನಾ ಕೇಂದ್ರದವರು ಬೇರೆ ಪದಾರ್ಥ ಬೆರೆಸಿ ಆ ಹಸಿರು, ಆ ಬಿರುಕು ಬರೋ ಲೇಪ ತಯಾರಿಸಿದರು. ಹಲವು ಕುಂಬಾರರು ಬೇರೆ ಊರುಗಳಲ್ಲಿ ಮತ್ತೆ ಆವಿಗೆ ಹೂಡಿದರು. ಕಪ್ಪಿನ ಹೆಸರು ಮಾತ್ರ ಇವತ್ತಿಗೂ 'ಓಬೊರಿ ಸೋಮಾ'.

ಆ ಊರಲ್ಲಿ ಮಾಡಿಲ್ಲ, ಆ ಊರಿನ ಕಲ್ಲೂ ಇಲ್ಲ. ಆದ್ರೂ ಅದು ಓಬೊರಿ ಕಪ್ಪೇನಾ? ನಂಗಂತೂ ಹೌದು ಅನ್ಸುತ್ತೆ, ಕಲಿತ ಕೈ ಅದೇ ಅಲ್ವಾ. ನೀವೇನಂತೀರಾ? ಕಾಮೆಂಟ್ ಮಾಡಿ.