ಗಣಕಯಂತ್ರವು ಗುರುತಿಸದ ಎಂಪಿ3 ಪ್ಲೇಯರ್: ಕಾರಣಗಳು ಮತ್ತು ಪರಿಹಾರ

ಕಿಸೆಯಲ್ಲಿಟ್ಟುಕೊಂಡು ಹಾಡು ಕೇಳುವ ಎಂಪಿ3 ಪ್ಲೇಯರ್‌ಗಳ ಕಾಲ ಬಹಳ ದೀರ್ಘವಾದುದೇನಲ್ಲ. 1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಸಂಸ್ಥೆಯ ಎಂಪಿಮ್ಯಾನ್ ಮಾರುಕಟ್ಟೆಗೆ ಬಂದಿತು. 2001ರ ಅಕ್ಟೋಬರ್ 23ರಂದು ಆಪಲ್ ಸಂಸ್ಥೆಯು 5 ಗಿಗಾಬೈಟ್ ಸಾಮರ್ಥ್ಯದ ಮೊದಲ ಐಪಾಡನ್ನು ಪ್ರಕಟಿಸಿತು. ಆ ವಂಶದ ಕ್ಲಾಸಿಕ್ ಮಾದರಿ 2014ರಲ್ಲಿಯೂ, ನ್ಯಾನೋ ಮತ್ತು ಶಫಲ್ 2017ರಲ್ಲಿಯೂ, ಕೊನೆಯದಾದ ಟಚ್ 2022ರಲ್ಲಿಯೂ ನಿಂತುಹೋದವು. ಈಗ ಹಾಡು ಕೇಳುವುದಕ್ಕೆ ಮೊಬೈಲ್ ಸಾಕು. ಆದರೂ ಹೊರನಾಡಿನ ನಮ್ಮ ಮನೆಗಳ ಕಪಾಟುಗಳಲ್ಲಿ ಹಳೆಯ ಪ್ಲೇಯರ್‌ಗಳು ಇನ್ನೂ ಉಳಿದಿವೆ. ಅವುಗಳಲ್ಲಿ ಚಲನಚಿತ್ರ ಗೀತೆಗಳಷ್ಟೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಅವು ಬೇರೆಡೆ ದೊರೆಯುತ್ತವೆ. ಆ ಕಾಲದ ಅನೇಕ ಪ್ಲೇಯರ್‌ಗಳಲ್ಲಿ ಧ್ವನಿಮುದ್ರಣದ ಸೌಲಭ್ಯವೂ ಇದ್ದುದರಿಂದ ಊರಿನ ತಾಳಮದ್ದಳೆ, ಮದುವೆಮನೆಯ ಸೋಬಾನೆ, ಸಂಘದ ನಾಟಕದ ತಾಲೀಮು, ಹಿರಿಯರ ಮಾತು ಇವೆಲ್ಲ ಅವುಗಳೊಳಗೆ ಸೇರಿಕೊಂಡಿವೆ. ಅವುಗಳಿಗೆ ಎರಡನೆಯ ಪ್ರತಿಯಿಲ್ಲ.

ನನ್ನ ಸಂಗತಿಯೂ ಇದೇ. ನಮ್ಮ ತೀರ್ಥರೂಪರು ಮುಂಬಯಿಯ ಮನೆಯಲ್ಲಿ ಸಂಜೆ ಕುಳಿತು ಕುಮಾರವ್ಯಾಸ ಭಾರತವನ್ನು ವಾಚನ ಮಾಡುತ್ತಿದ್ದುದನ್ನು 2007ರಲ್ಲಿ ಒಂದು ಸಣ್ಣ ಪ್ಲೇಯರ್‌ನಲ್ಲಿ ಹದಿನಾಲ್ಕು ಬಾರಿ ಮುದ್ರಿಸಿಕೊಂಡಿದ್ದೆ. ಎರಡು ವರ್ಷಗಳ ತರುವಾಯ ಅವರು ತೀರಿಕೊಂಡರು. ಕಳೆದ ದೀಪಾವಳಿಯ ಹೊತ್ತಿಗೆ ಕಪಾಟು ಶುಚಿಗೊಳಿಸುವಾಗ ಪ್ಲೇಯರ್ ಕೈಗೆ ಸಿಕ್ಕಿತು. ಗಣಕಕ್ಕೆ ಜೋಡಿಸಿದರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ತಂತ್ರಜ್ಞನಲ್ಲ, ಬ್ಯಾಂಕಿನ ನೌಕರ.

ಗುರುತಿಸುವುದೆಂದರೇನು?

ಯುಎಸ್‌ಬಿ 2.0 ತಂತಿಯೊಳಗೆ ನಾಲ್ಕು ಎಳೆಗಳಿರುತ್ತವೆ. ಎರಡು ಎಳೆಗಳು 5 ವೋಲ್ಟ್ ವಿದ್ಯುತ್ತನ್ನು ಸಾಗಿಸುತ್ತವೆ, ಉಳಿದೆರಡು ಮಾಹಿತಿಯನ್ನು. ಪ್ಲೇಯರ್ ಜೋಡಿಸಿದಾಗ ಮೊದಲು ವಿದ್ಯುತ್ ಹರಿಯುತ್ತದೆ. ಬಳಿಕ ಗಣಕವು ಮಾಹಿತಿಯ ಎಳೆಗಳ ಮೂಲಕ ‘ನೀನು ಯಾರು’ ಎಂದು ಕೇಳುತ್ತದೆ. ಪ್ಲೇಯರ್ ತನ್ನ ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ತಿಳಿಸುತ್ತದೆ. ಕೊನೆಯದಾಗಿ ಗಣಕವು ಆ ಸಾಧನದೊಡನೆ ವ್ಯವಹರಿಸಬಲ್ಲ ಡ್ರೈವರ್ ಎಂಬ ತಂತ್ರಾಂಶವನ್ನು ತನ್ನಲ್ಲಿ ಹುಡುಕಿಕೊಳ್ಳುತ್ತದೆ. ಹೀಗೆ ವಿದ್ಯುತ್ತು, ಪರಿಚಯ, ಭಾಷೆ ಎಂಬ ಮೂರು ಹಂತಗಳಿವೆ. ಯಾವ ಹಂತದಲ್ಲಿ ಕೆಲಸ ನಿಂತಿತೆಂಬುದನ್ನು ತಿಳಿದುಕೊಂಡರೆ ಅರ್ಧ ಪರಿಹಾರ ದೊರೆತಂತೆ. ಅದನ್ನು ಬಿಟ್ಟು ಕಂಡಕಂಡ ಗುಂಡಿಗಳನ್ನು ಒತ್ತುವುದರಿಂದ ಹಾನಿಯೇ ಹೆಚ್ಚು.

ಪ್ಲೇಯರ್‌ನ ದೀಪವೇ ಉರಿಯದಿದ್ದರೆ ದೋಷ ಮೊದಲನೆಯ ಹಂತದಲ್ಲಿದೆ. ವರ್ಷಗಟ್ಟಲೆ ಮಲಗಿದ ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾಗಿರುತ್ತದೆ. ಜೋಡಿಸಿದ ಕೂಡಲೇ ಅದು ಎಚ್ಚರಗೊಳ್ಳುವುದಿಲ್ಲ. ಒಂದೆರಡು ಗಂಟೆ ಚಾರ್ಜಿಗೆ ಇಟ್ಟು ಕಾಯಬೇಕು. ಆದರೆ ಪ್ಲೇಯರ್‌ನ ಹಿಂಬದಿ ಉಬ್ಬಿದ್ದರೆ, ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ ಚಾರ್ಜ್ ಮಾಡಲೇಬಾರದು. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ. ಅದನ್ನು ಬಲ್ಲವರ ಕೈಯಲ್ಲಿ ತೆಗೆಸಿ, ಹೊಸದನ್ನು ಹಾಕಿಸಿಯೇ ಮುಂದುವರಿಯಬೇಕು.

ದೀಪ ಉರಿಯುತ್ತದೆ, ಚಾರ್ಜ್ ಆಗುತ್ತದೆ, ಆದರೆ ಗಣಕ ಮಾತ್ರ ತುಟಿಪಿಟಕ್ಕೆನ್ನುವುದಿಲ್ಲ ಎಂದಾದರೆ ಮೊದಲು ಶಂಕಿಸಬೇಕಾದದ್ದು ತಂತಿಯನ್ನು. ಚಾರ್ಜಿಗೆಂದೇ ಮಾರುವ ಅಗ್ಗದ ತಂತಿಗಳಲ್ಲಿ ಹಲವಕ್ಕೆ ಮಾಹಿತಿಯ ಎಳೆಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಅದೇ ತಂತಿಯಿಂದ ಬೇರೊಂದು ಮೊಬೈಲನ್ನೋ ಕ್ಯಾಮರಾವನ್ನೋ ಜೋಡಿಸಿ ಕಡತಗಳು ಕಾಣುತ್ತವೆಯೇ ಎಂದು ಪರೀಕ್ಷಿಸುವುದೇ ಸುಲಭ ದಾರಿ. ನಾನು ಒಂದು ಇಡೀ ಭಾನುವಾರವನ್ನು ಇಂತಹ ತಂತಿಯೊಡನೆ ವ್ಯರ್ಥಗೊಳಿಸಿದೆ. ಹಳೆಯ ಮಾದರಿಯ ತಂತಿ ಮನೆಯಲ್ಲಿಲ್ಲದಿದ್ದರೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ನೆಹರು ಪ್ಲೇಸ್ ಇವುಗಳಲ್ಲಿ ಹುಡುಕಬಹುದು. ಪ್ಲೇಯರನ್ನು ಜೊತೆಗೇ ಒಯ್ದು, ಅಂಗಡಿಯಲ್ಲಿಯೇ ಜೋಡಿಸಿ ನೋಡಿ ಕೊಳ್ಳುವುದು ಲೇಸು. ಐಪಾಡ್ ಶಫಲ್‌ನ ಕೊನೆಯ ಮಾದರಿಗಳಲ್ಲಿ ಇಯರ್‌ಫೋನಿನ ರಂಧ್ರವೇ ಮಾಹಿತಿಯ ದ್ವಾರವೂ ಆಗಿದೆ. ಅದಕ್ಕೆ ಅದರದೇ ತಂತಿ ಬೇಕು. ಮೊದಲೆರಡು ತಲೆಮಾರಿನ ಐಪಾಡ್‌ಗಳಲ್ಲಿಯಾದರೋ ಯುಎಸ್‌ಬಿಯೇ ಇರಲಿಲ್ಲ, ಫೈರ್‌ವೈರ್ ಮಾತ್ರ ಇತ್ತು. ಇಂದಿನ ಗಣಕಗಳಲ್ಲಿ ಆ ದ್ವಾರವಿಲ್ಲವಾದುದರಿಂದ ಹಳೆಯ ಮ್ಯಾಕ್ ಇಟ್ಟುಕೊಂಡಿರುವ ಸ್ನೇಹಿತರನ್ನು ಆಶ್ರಯಿಸಬೇಕಾಗುತ್ತದೆ.

ತಂತಿಯನ್ನು ಗಣಕಕ್ಕೆ ನೇರವಾಗಿ ಜೋಡಿಸಿರಿ, ಹಬ್ ಮೂಲಕ ಬೇಡ. ಮೇಜಿನ ಗಣಕವಾದರೆ ಹಿಂಬದಿಯ ಪೋರ್ಟ್ ಒಳ್ಳೆಯದು. ಪ್ಲೇಯರ್‌ನ ರಂಧ್ರದಲ್ಲಿ ಸೇರಿರುವ ಧೂಳನ್ನು ಒಣಗಿದ ಮೃದುವಾದ ಬ್ರಷ್‌ನಿಂದ ತೆಗೆಯಬಹುದು, ಸೂಜಿಯಿಂದ ಕೆದಕಬಾರದು.

ಇಷ್ಟಾದ ಮೇಲೂ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂಬ ಸೂಚನೆ ಬಂದರೆ ಎದೆಗುಂದಬೇಕಾಗಿಲ್ಲ. ಏನೋ ಜೋಡಣೆಗೊಂಡಿದೆ ಎಂಬುದು ಗಣಕಕ್ಕೆ ತಿಳಿದಿದೆ, ಪರಿಚಯ ಮಾತ್ರ ಪೂರ್ಣಗೊಂಡಿಲ್ಲ. ವಿಂಡೋಸ್‌ನ ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿದರೆ ಡಿವೈಸ್ ಮ್ಯಾನೇಜರ್ ಎಂಬುದು ಕಾಣಿಸುತ್ತದೆ. ಅದರಲ್ಲಿ ಹಳದಿ ಚಿಹ್ನೆಯುಳ್ಳ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ, ತಂತಿ ಕಳಚಿ, ಗಣಕವನ್ನು ಮತ್ತೆ ಚಾಲೂ ಮಾಡಿ, ಪುನಃ ಜೋಡಿಸಿದರೆ ಪರಿಚಯ ಹೊಸದಾಗಿ ನಡೆಯುತ್ತದೆ. ಪ್ಲೇಯರನ್ನೂ ರೀಸೆಟ್ ಮಾಡುವುದು ಉಚಿತ. ಐಪಾಡ್ ಕ್ಲಾಸಿಕ್‌ನಲ್ಲಿ ಹೋಲ್ಡ್ ಗುಂಡಿಯನ್ನು ಒಮ್ಮೆ ಆಚೀಚೆ ಸರಿಸಿ, ಮೆನು ಮತ್ತು ನಡುವಿನ ಗುಂಡಿಗಳನ್ನು ಆಪಲ್‌ನ ಚಿಹ್ನೆ ಮೂಡುವವರೆಗೆ ಒಟ್ಟಿಗೆ ಒತ್ತಿ ಹಿಡಿಯಬೇಕು. ಚಿಹ್ನೆ ಮೂಡಿದೊಡನೆ ಬೆರಳು ಬದಲಿಸಿ ನಡುವಿನ ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಹಿಡಿದರೆ ಅದು ಡಿಸ್ಕ್ ಮೋಡ್‌ಗೆ ಹೋಗುತ್ತದೆ, ಅಂದರೆ ಸಾಮಾನ್ಯ ಪೆನ್‌ಡ್ರೈವ್‌ನಂತೆ ವರ್ತಿಸುತ್ತದೆ. ರೀಸೆಟ್ ಮಾಡುವುದರಿಂದ ಹಾಡುಗಳು ಅಳಿಯುವುದಿಲ್ಲ. ರಿಸ್ಟೋರ್ ಎಂಬುದು ಬೇರೆ, ಅದು ಎಲ್ಲವನ್ನೂ ಅಳಿಸುತ್ತದೆ. ಎರಡೂ ಹೆಸರುಗಳು ಒಂದೇ ಬಗೆಯಾಗಿ ಕೇಳಿಸುವುದರಿಂದ ಈ ಎಚ್ಚರಿಕೆ.

ಕೆಲವೊಮ್ಮೆ ಪರಿಚಯವಾಗಿರುತ್ತದೆ, ಅಕ್ಷರ ಮಾತ್ರ ಸಿಕ್ಕಿರುವುದಿಲ್ಲ. ವಿಂಡೋಸ್ ಪ್ರತಿ ಡ್ರೈವ್‌ಗೂ ಒಂದು ಇಂಗ್ಲಿಷ್ ಅಕ್ಷರವನ್ನು ಕೊಡುತ್ತದೆ. ಆ ಅಕ್ಷರವನ್ನು ಬೇರೊಂದು ನೆಟ್‌ವರ್ಕ್ ಡ್ರೈವ್ ಆಕ್ರಮಿಸಿಕೊಂಡಿದ್ದರೆ ಪ್ಲೇಯರ್ ಅದೃಶ್ಯವಾಗಿಯೇ ಉಳಿಯುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ಕಾಣಿಸಿದರೆ ಬೇರೆ ಅಕ್ಷರವನ್ನು ಕೊಟ್ಟರಾಯಿತು.

ಭಾಷೆಯ ತೊಡಕು

ಮೂರನೆಯ ಹಂತದಲ್ಲಿ ತೊಡಕು ಹೆಚ್ಚು. ಎಂಪಿ3 ಪ್ಲೇಯರ್‌ಗಳು ಎರಡು ಬಗೆಯಲ್ಲಿ ವ್ಯವಹರಿಸುತ್ತವೆ. ಎಂಎಸ್‌ಸಿ ಎಂಬ ಬಗೆಯಲ್ಲಿ ಪ್ಲೇಯರ್ ಪೆನ್‌ಡ್ರೈವ್‌ನಂತೆ ಕಾಣುತ್ತದೆ. ಮೈಕ್ರೋಸಾಫ್ಟ್ ರೂಪಿಸಿದ ಎಂಟಿಪಿ ಎಂಬ ಬಗೆಯಲ್ಲಿ ಕಡತಗಳ ಉಸ್ತುವಾರಿ ಪ್ಲೇಯರ್‌ನದೇ ಆಗಿದ್ದು, ಗಣಕವು ಕೇಳಿ ಪಡೆಯುತ್ತದೆ. ಮ್ಯಾಕ್ ಗಣಕಗಳಿಗೆ ಎಂಟಿಪಿ ತಾನಾಗಿ ಅರ್ಥವಾಗುವುದಿಲ್ಲ. ವಿಂಡೋಸ್‌ನಲ್ಲಿಯೂ ಕೆಲವೊಮ್ಮೆ ತಡವರಿಸುತ್ತದೆ. ಸ್ಯಾನ್‌ಡಿಸ್ಕ್‌ನ ಸ್ಯಾನ್ಸಾ ಕ್ಲಿಪ್‌ನಂತಹವುಗಳ ಸೆಟ್ಟಿಂಗ್‌ಗಳಲ್ಲಿ ಯುಎಸ್‌ಬಿ ಮೋಡ್ ಎಂಬ ಆಯ್ಕೆಯಿದೆ. ಅದನ್ನು ಎಂಎಸ್‌ಸಿಗೆ ಬದಲಿಸಿದೊಡನೆ ಅನೇಕ ಪ್ಲೇಯರ್‌ಗಳು ಕಣ್ತೆರೆಯುತ್ತವೆ. ಒಂದು ಮೋಡ್‌ನಲ್ಲಿ ಹಾಕಿದ ಹಾಡುಗಳು ಇನ್ನೊಂದರಲ್ಲಿ ಕಾಣದಿರಬಹುದು. ಕಾಣಲಿಲ್ಲವೆಂದು ಅಳಿದುಹೋದವೆಂದು ತಿಳಿಯಬೇಡಿ, ಮೋಡ್ ಬದಲಿಸಿ ಮತ್ತೊಮ್ಮೆ ನೋಡಿರಿ.

ಐಪಾಡ್‌ಗೆ ಬೇರೊಂದು ಕಟ್ಟಳೆಯಿದೆ. ಮ್ಯಾಕ್‌ನಲ್ಲಿ ಸಿದ್ಧಗೊಳಿಸಿದ ಐಪಾಡನ್ನು ವಿಂಡೋಸ್ ಓದಲಾರದು. ವಿಂಡೋಸ್‌ನಲ್ಲಿ ಸಿದ್ಧಗೊಳಿಸಿದ್ದನ್ನು ಮ್ಯಾಕ್ ಓದಬಲ್ಲುದು. 2019ರಿಂದೀಚೆಗೆ ಮ್ಯಾಕ್‌ನಲ್ಲಿ ಐಟ್ಯೂನ್ಸ್ ಇಲ್ಲ, ಐಪಾಡ್ ಫೈಂಡರ್‌ನಲ್ಲಿ ಕಾಣಿಸುತ್ತದೆ. ಹೊಸ ಗಣಕಕ್ಕೆ ಜೋಡಿಸಿದಾಗ ‘ಅಳಿಸಿ ಸಿಂಕ್ ಮಾಡಲೇ’ ಎಂಬ ಪ್ರಶ್ನೆ ಬರುತ್ತದೆ. ಕ್ಯಾನ್ಸಲ್ ಒತ್ತಿರಿ. ಐಪಾಡ್‌ನ ಹಾಡುಗಳು ಐಪಾಡ್ ಕಂಟ್ರೋಲ್ ಎಂಬ ಬಚ್ಚಿಟ್ಟ ಫೋಲ್ಡರಿನಲ್ಲಿ, ಮ್ಯೂಸಿಕ್ ಎಂಬುದರ ಕೆಳಗೆ, ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳಲ್ಲಿ ಇರುತ್ತವೆ. ಬಚ್ಚಿಟ್ಟ ಕಡತಗಳನ್ನು ತೋರಿಸುವಂತೆ ವಿಂಡೋಸ್‌ಗೆ ಹೇಳಿ, ಇಡೀ ಫೋಲ್ಡರನ್ನು ನಕಲು ಮಾಡಿಕೊಳ್ಳಬಹುದು. ಹಾಡಿನ ಹೆಸರು, ಗಾಯಕರ ಹೆಸರು ಸಾಮಾನ್ಯವಾಗಿ ಕಡತದೊಳಗೇ ಅಡಕವಾಗಿರುವುದರಿಂದ ಸಂಗೀತದ ತಂತ್ರಾಂಶದಲ್ಲಿ ತೆರೆದಾಗ ಮರಳಿ ಕಾಣುತ್ತದೆ. ಮೈಕ್ ಜೋಡಿಸಿ ಮುದ್ರಿಸಿದ ಧ್ವನಿಗಳು ರೆಕಾರ್ಡಿಂಗ್ಸ್ ಎಂಬ ಬೇರೆ ಫೋಲ್ಡರಿನಲ್ಲಿರುತ್ತವೆ. ಅದನ್ನು ಮರೆಯುವವರೇ ಹೆಚ್ಚು.

ಫಾರ್ಮ್ಯಾಟ್ ಎಂಬ ಪ್ರಶ್ನೆ

ತಂತಿ ಬದಲಿಸಿದ ಮೇಲೆ ನನ್ನ ಗಣಕವು ಪ್ಲೇಯರನ್ನು ಗುರುತಿಸಿತು. ಕೂಡಲೇ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿತು. ವಿನಯದಿಂದ ಕೇಳಿದ ಪ್ರಶ್ನೆಗೆ ಹೌದೆನ್ನುವುದು ನಮ್ಮ ಸ್ವಭಾವ. ನನ್ನ ಕೈಯೂ ಅತ್ತ ಹೋಗಿತ್ತು. ಪಕ್ಕದಲ್ಲಿದ್ದ ತಂಗಿಯ ಮಗ ‘ಬೇಡ ಮಾಮಾ, ಎಲ್ಲ ಹೋಗುತ್ತದೆ’ ಎಂದು ಮೌಸ್ ಕಸಿದುಕೊಂಡ. ಈ ಪ್ರಶ್ನೆಯ ಅರ್ಥವಿಷ್ಟೇ: ಎಲ್ಲಿ ಏನಿದೆ ಎಂದು ಹೇಳುವ ಪಟ್ಟಿ ಕೆಟ್ಟಿದೆ, ಅಥವಾ ಅದು ವಿಂಡೋಸ್‌ಗೆ ತಿಳಿಯದ ರೂಪದಲ್ಲಿದೆ. ಖಾತೆಯ ಪುಸ್ತಕ ಹರಿದಿದೆಯೆಂದ ಮಾತ್ರಕ್ಕೆ ತಿಜೋರಿಯಲ್ಲಿನ ಹಣ ಹೋಗಿರುವುದಿಲ್ಲ. ಹೌದೆಂದು ಒತ್ತಿದರೆ ಹಳೆಯ ಪುಸ್ತಕವನ್ನು ಎಸೆದು ಖಾಲಿ ಪುಸ್ತಕ ತೆರೆದಂತಾಗುತ್ತದೆ. ಅನಂತರ ಅದರ ಮೇಲೆ ಏನನ್ನಾದರೂ ಬರೆದರೆ ಹಳೆಯದು ನಿಜವಾಗಿಯೂ ನಾಶವಾಗುತ್ತದೆ.

ಆ ಹುಡುಗ ಮಾಡಿದ್ದು ಹೀಗೆ. ಮೊದಲು ಪ್ಲೇಯರ್‌ನ ಸ್ಮೃತಿಯನ್ನು ಇದ್ದಕ್ಕಿದ್ದಂತೆ ಒಂದೇ ದೊಡ್ಡ ಕಡತವಾಗಿ ಗಣಕಕ್ಕೆ ಇಳಿಸಿಕೊಂಡ. ತಪ್ಪಾದರೂ ಮೂಲಕ್ಕೆ ಧಕ್ಕೆಯಾಗಬಾರದೆಂಬುದು ಉದ್ದೇಶ. ಬಳಿಕ ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಆ ಪ್ರತಿಯ ಮೇಲೆ ಓಡಿಸಿದ. ಹೆಸರಿನಲ್ಲಿ ಫೋಟೋ ಎಂದಿದ್ದರೂ ಅದು ಧ್ವನಿಯ ಕಡತಗಳನ್ನೂ ಹುಡುಕಬಲ್ಲುದು. ಪಟ್ಟಿಯನ್ನು ನೆಚ್ಚದೆ, ಕಡತದ ಆರಂಭದ ಗುರುತುಗಳನ್ನೇ ನೋಡಿ ಎತ್ತುವುದರಿಂದ ಹಳೆಯ ಹೆಸರುಗಳು ಮಾತ್ರ ಉಳಿಯುವುದಿಲ್ಲ. ಹೊಸದಾಗಿ ದೊರೆತದ್ದನ್ನು ಪ್ಲೇಯರ್‌ಗೇ ಬರೆಯದೆ ಬೇರೆ ಡಿಸ್ಕಿಗೆ ಬರೆಸಬೇಕೆಂಬುದು ಇಲ್ಲಿ ಮುಖ್ಯ.

ಹದಿನಾಲ್ಕರಲ್ಲಿ ಹನ್ನೊಂದು ದೊರೆತವು. ಒಂದರಲ್ಲಿ ನಡುವೆ ಎರಡು ನಿಮಿಷಗಳ ಗರಗರ ಸದ್ದು ಮಾತ್ರ ಇದೆ. ಕಡತಗಳಿಗೆ ಹೆಸರಿಲ್ಲದೆ ಬರಿಯ ಸಂಖ್ಯೆಗಳಿದ್ದುದರಿಂದ ಯಾವುದು ಯಾವ ಸಂಧಿಯೆಂದು ನನಗೆ ತಿಳಿಯಲಿಲ್ಲ. ಅಮ್ಮ ಒಂದೊಂದನ್ನೂ ಕೇಳಿ, ಪರ್ವವನ್ನೂ ಸಂಧಿಯನ್ನೂ ಹೇಳುತ್ತ ಹೋದರು. ನಾನು ಬರೆದುಕೊಂಡು ಕಡತಗಳಿಗೆ ಹೆಸರಿಟ್ಟೆ. ಈಗ ಒಂದು ಪ್ರತಿ ಗಣಕದಲ್ಲಿಯೂ, ಒಂದು ಹೊರಗಿನ ಡಿಸ್ಕಿನಲ್ಲಿಯೂ, ಮತ್ತೊಂದು ಊರಿನಲ್ಲಿರುವ ಅಣ್ಣನ ಮನೆಯಲ್ಲಿಯೂ ಇದೆ.