ಪತ್ತೆಯಾಗದ ವೈರಸ್ಸಿನ ಪೂರ್ವಕಥೆ

“ರಿಪೋರ್ಟಿನಾಗ ವೈರಸ್ ಇಲ್ಲ ಅಂತ ಬಂದೈತಲ್ರೀ ಮೇಡಂ, ಇನ್ನೂ ಗುಳಿಗಿ ಯಾಕ?” ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ಕೂತವಳಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಪತ್ತೆಯಾಗಿಲ್ಲ ಅಂದರೆ ರಕ್ತದಲ್ಲಿರುವ ವೈರಸ್ ಯಂತ್ರಕ್ಕೆ ಸಿಗುವಷ್ಟಿಲ್ಲ, ಅಷ್ಟೇ. ಮೈ ಕಾಯುವ ಕೆಲವು ಸಿಡಿ4 ಕೋಶಗಳ ಡಿಎನ್‌ಎಯೊಳಗೇ ಅದು ಸೇರಿಕೊಂಡು ತೆಪ್ಪಗಿರುತ್ತದೆ. 1996ರಲ್ಲಿ ಮೂರು ಮದ್ದುಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಾಗ ರೋಗವೇ ಮುಗಿಯಿತೆಂದು ಹಿಗ್ಗಿದವರಿಗೆ ಮರುವರ್ಷವೇ ಈ ಅಡಗುತಾಣ ಕಂಡಿತು.

ಅಲ್ಲಿ ವೈರಸ್ಸಿನ ಬಾಯಿ ಕಟ್ಟುವುದರಲ್ಲಿ ನಮ್ಮದೇ ಮೈಕ್ರೋಆರ್‌ಎನ್‌ಎಗಳ, ಅಂದರೆ ಜೀನುಗಳನ್ನು ಹದ್ದುಬಸ್ತಿನಲ್ಲಿಡುವ ಪುಟ್ಟ ಆರ್‌ಎನ್‌ಎ ಚೂರುಗಳ, ಕೈವಾಡವೂ ಇದೆ. ಅವು ಮೊದಲು ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಅಮೆರಿಕದ ವಿಕ್ಟರ್ ಆಂಬ್ರೋಸ್ ಲಿನ್-4 ಜೀನಿನ ಬೆನ್ನು ಹತ್ತಿದರೆ ಅದರಿಂದ ಪ್ರೋಟೀನೇ ಹುಟ್ಟಲಿಲ್ಲ. ಹುಟ್ಟಿದ್ದು 22 ಅಕ್ಷರಗಳ ಆರ್‌ಎನ್‌ಎ ಚೂರು. ಗ್ಯಾರಿ ರವ್ಕುನ್ ಅಭ್ಯಾಸ ಮಾಡುತ್ತಿದ್ದ ಲಿನ್-14 ಜೀನಿನ ಸಂದೇಶವಾಹಕ ಆರ್‌ಎನ್‌ಎಗೆ ಅದು ಅಂಟಿಕೊಂಡು, ಪ್ರೋಟೀನ್ ತಯಾರಾಗದಂತೆ ತಡೆಯುತ್ತಿತ್ತು. 1993ರಲ್ಲಿ ಇಬ್ಬರೂ ಇದನ್ನು ಬರೆದು ಪ್ರಕಟಿಸಿದರು. ಹುಳುವಿನ ವಿಚಾರ ನಮಗೇಕೆ ಎಂದು ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ಇಂಥದೇ ಇನ್ನೊಂದು ಚೂರು, ಲೆಟ್-7, ಮನುಷ್ಯರಲ್ಲೂ ಸಿಕ್ಕ ಮೇಲೆ ಕಿವಿ ನಿಮಿರಿತು. ಇಬ್ಬರಿಗೂ ನೊಬೆಲ್ ಬರಲು 2024 ಆಗಬೇಕಾಯಿತು.

ಎಚ್‌ಐವಿ ಮಟ್ಟಿಗೆ ನನಗೆ ಹೆಮ್ಮೆ ಅನಿಸುವುದು ದೆಹಲಿಯ ಅಧ್ಯಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದ್ದ ಸಮೀರ್ ಬ್ರಹ್ಮಚಾರಿ ದೆಹಲಿಯ ಜೀನೋಮಿಕ್ಸ್ ಸಂಸ್ಥೆಯನ್ನು ಕಟ್ಟಿದ್ದರು. ಅವರ ತಂಡ ಮನುಷ್ಯರ ಮೈಕ್ರೋಆರ್‌ಎನ್‌ಎಗಳನ್ನು ಕಂಪ್ಯೂಟರಿನಲ್ಲಿ ವೈರಸ್ಸಿನ ಜೀನುಗಳ ಜೊತೆ ಹೊಂದಿಸಿ ನೋಡಿ, ಮಿರ್-29ಎ ಎಂಬುದು ವೈರಸ್ಸಿನ ನೆಫ್ ಎಂಬ ಜೀನಿಗೆ ಕೂತುಕೊಳ್ಳಬಲ್ಲದು ಎಂದು 2005ರಲ್ಲಿ ಊಹಿಸಿತು. 2008ರ ಹೊತ್ತಿಗೆ ಕೋಶಗಳಲ್ಲೇ ಅದು ನಿಜವಾಯಿತು: ನೆಫ್ ತಗ್ಗಿತು, ವೈರಸ್ಸೂ ತಗ್ಗಿತು.

ಈ ನಡುವೆ, 2007ರಲ್ಲಿ, ಫಿಲಡೆಲ್ಫಿಯಾದ ಹುಯಿ ಝಾಂಗ್ ತಂಡದಿಂದ ತಲೆಬಿಸಿಯ ಸಂಗತಿ ಬಂತು. ವಿಶ್ರಾಂತ ಸಿಡಿ4 ಕೋಶಗಳಲ್ಲಿ ಮಿರ್-28, ಮಿರ್-150ರಂಥವು ವೈರಸ್ಸನ್ನು ಅದುಮಿಡುತ್ತವೆ. ಅವನ್ನು ತಡೆದರೆ ವೈರಸ್ ಎದ್ದು ಕೂರುತ್ತದೆ. ಕಾವಲುಗಾರನೇ ಕಳ್ಳನನ್ನು ಅಟ್ಟದ ಮೇಲೆ ಮಲಗಿಸಿ ಕಂಬಳಿ ಹೊದಿಸಿದ ಹಾಗೆ! ಅದುಮಿಟ್ಟದ್ದು ಒಳ್ಳೆಯದೇ ಅನ್ನಿ, ಆದರೆ ನಮ್ಮ ಮಾತ್ರೆಗಳು ಬೆಳೆಯುತ್ತಿರುವ ವೈರಸ್ಸನ್ನು ಮಾತ್ರ ತಡೆಯಬಲ್ಲವು. ಮಲಗಿದ್ದರ ಮೇಲೆ ಅವುಗಳ ಆಟ ನಡೆಯದು.

ಮೈಕ್ರೋಆರ್‌ಎನ್‌ಎ ತಡೆಯುವುದನ್ನೇ ಮದ್ದಾಗಿಸುವ ಯತ್ನ ಹೆಪಟೈಟಿಸ್ ಸಿಯಲ್ಲಿ ನಡೆಯಿತು. ಆ ವೈರಸ್ಸಿಗೆ ಯಕೃತ್ತಿನ ಮಿರ್-122 ಬೇಕೇ ಬೇಕು. ಅದನ್ನು ಕಟ್ಟಿಹಾಕುವ ಮಿರಾವಿರ್ಸೆನ್ ಚುಚ್ಚುಮದ್ದು ರೋಗಿಗಳಲ್ಲಿ ವೈರಸ್ ಇಳಿಸಿತೆಂಬ ವರದಿ ಬಂದದ್ದು 2013ರಲ್ಲಿ. ಅದೇ ಡಿಸೆಂಬರಿನಲ್ಲಿ ಅದೇ ರೋಗದ ಸೊಫೊಸ್ಬುವಿರ್ ಮಾತ್ರೆಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಚುಚ್ಚುಮದ್ದು ಹಿಂದೆ ಬಿತ್ತು. ಎಚ್‌ಐವಿಗೆ ಆ ದಾರಿಯೂ ಸಲೀಸಲ್ಲ. ಯಕೃತ್ತಾದರೆ ಒಂದೇ ಕಡೆ ಇದೆ, ಚುಚ್ಚಿದ ಮದ್ದು ಬಹಳಷ್ಟು ಅಲ್ಲಿಗೇ ಹೋಗುತ್ತದೆ. ಸಿಡಿ4 ಕೋಶಗಳು ರಕ್ತ, ದುಗ್ಧಗ್ರಂಥಿ, ಕರುಳಿನ ತುಂಬ ಚದುರಿಕೊಂಡಿವೆ.